ಹೆಣ ಕೊಯ್ಯುವ ಬಾಯಾರು

ಹೆಣದ ಕೋಣೆಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಅಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಹೆಣ ಪಾಪ, ತನ್ನ ಪಾಡಿಗೆ ತಾನು ಮಲಗಿರುತ್ತದೆ. ಅದರ ಸುತ್ತ ಕೂಡುವ ಜನ ಇದ್ದಾರಲ್ಲ, ಅವರು ಸುಮ್ಮನಿರುವುದಿಲ್ಲ. ಎಪ್ಪತ್ತು ಎಂಬತ್ತರ ದಶಕದಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಸರಕಾರ ನನ್ನನ್ನು ತಿರುಗಿಸಿದ ಕಡೆಯಲ್ಲೆಲ್ಲ ಇಂಥವು ಆಗುತ್ತಲೇ ಇದ್ದವು. ಊರು ಬದಲಾಗುತ್ತಿತ್ತು, ದವಾಖಾನೆಯ ಬೀಗ ಬದಲಾಗುತ್ತಿತ್ತು, ಇದು ಮಾತ್ರ ಬದಲಾಗಲಿಲ್ಲ.

ಹುಬ್ಬಳ್ಳಿಯಲ್ಲಿ ಡಾಕ್ಟರ್ ಓದು ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಡಾಕ್ಟರೊಬ್ಬರು ಶವಪರೀಕ್ಷೆಯ ರಿವಾಜು ಹೇಳಿಕೊಟ್ಟರು.

"ಮೂಗಿಗೆ ವಸ್ತ್ರಾ ಕಟ್ಕೊಂಡು ಬಾಗಲದಾಗ ನಿಂದರ್ರಿ. ಕೊಯ್ಯಾವ ಒಳಗ ಕೊಯ್ತಾನ. ಅವ ಒದರಿದ್ದನ್ನ ನೀವು ಬರಕೊಳ್ರಿ."

"ಮತ್ತ ನೋಡೋರು ಯಾರ್ರಿ?" ಎಂದು ಕೇಳಿದೆ.

"ನೋಡೂದೇನೈತ್ರಿ? ಸತ್ತಾನ ಅಂತ ಕಾಣೂದಿಲ್ಲೇನು?"

ಅವತ್ತೇ ನಾನು ಹಠ ಹಿಡಿದೆ. ನಾನು ಬಾಗಿಲಲ್ಲಿ ನಿಂತು ಬರೆಯುವವಳಲ್ಲ. ನನ್ನ ಕಣ್ಣಿಗೆ ಕಾಣದ್ದರ ಕೆಳಗೆ ನನ್ನ ಸಹಿ ಬೀಳುವುದಿಲ್ಲ. ಶವಪರೀಕ್ಷೆ ಎಂದರೆ ಜನ ಕೊಯ್ಯುವುದು ಅನ್ನುತ್ತಾರೆ. ಅದು ನೋಡುವುದು. ಮೊದಲು ಮೈಮೇಲಿನ ಗಾಯ, ಚರ್ಮದ ಬಣ್ಣ, ಕೀಲುಗಳ ಬಿಗಿತ ನೋಡಬೇಕು. ಆಮೇಲೆ ತಲೆ, ಎದೆ, ಹೊಟ್ಟೆ ಮೂರನ್ನೂ ತೆರೆದು ಒಂದೊಂದು ಅಂಗವನ್ನೂ ಕೈಯಲ್ಲಿ ಹಿಡಿದು, ತೂಗಿ, ಸೀಳಿ ನೋಡಬೇಕು. ಕಡೆಗೆ ಎಲ್ಲವನ್ನೂ ಒಳಗಿಟ್ಟು ಹೊಲಿದು, ತೊಳೆದು, ಮನೆಯವರು ಮುಖ ನೋಡಿದರೆ ಅಂಜಬಾರದು ಹಾಗೆ ಒಪ್ಪಿಸಬೇಕು. ಇಷ್ಟೆಲ್ಲ ಯಾತಕ್ಕೆ ಎಂದರೆ, ಹೇಗೆ ಸತ್ತ ಎಂದು ತಿಳಿಯದೆ ಹೋದರೆ ತಪ್ಪು ಮಾಡದ ಯಾರೋ ಒಬ್ಬರು ಸೆರೆಮನೆಗೆ ಹೋಗುತ್ತಾರೆ. ಸೆರೆಮನೆ ತಪ್ಪಿದರೂ ಊರವರ ಬಾಯಿ ತಪ್ಪುವುದಿಲ್ಲ. ಇದು ನನಗೆ ಆಗಲೂ ಸಿಟ್ಟು ತರಿಸುತ್ತಿತ್ತು, ಈಗಲೂ ತರಿಸುತ್ತದೆ.

ಹಾನಗಲ್ಲ: ಸಂಕೋಚದ ಮನುಷ್ಯ

ಆಗೆಲ್ಲ ಲೇಡಿ ಡಾಕ್ಟರ್, ಜನರ ಬಾಯಲ್ಲಿ ಬಾಯಾರು, ಎಂದರೆ ಹೆರಿಗೆ ಮಾಡಿಸುವವಳು. ಹಿರಿಯ ಡಾಕ್ಟರು ರಜೆ ಮೇಲೆ ಹೋದ ದಿನವೇ ಹವಾಲ್ದಾರರು ಒಂದು ಹೆಣ ತಂದರು. ಭತ್ತದ ಗದ್ದೆಯ ಬದುವಿನ ಮೇಲೆ ಸತ್ತು ಬಿದ್ದಿದ್ದ ನಡುವಯಸ್ಸಿನ ರೈತ. ಮೈಮೇಲೆ ಗಾಯವಿಲ್ಲ, ಸತ್ತದ್ದನ್ನು ಕಂಡವರಿಲ್ಲ. ಹವಾಲ್ದಾರರು ಠಾಣೆಯ ಕಾಗದ ಹಿಡಿದುಕೊಂಡು ನನ್ನ ಮುಂದೆಯೇ ಹಾದು, ಎಲ್ಲ ಕೋಣೆಗಳಲ್ಲೂ ಇಣುಕಿ ವಾಪಸು ಬಂದರು.

"ಡಾಕ್ಟರು ಎಲ್ಲೆದಾರ್ರಿ ಬಾಯಾರ?"

"ನಾನ ಡಾಕ್ಟರು. ಕೊಡ್ರಿ ಇಲ್ಲೆ."

"ನೀವು ಹೌದ್ರಿ. ಆದ್ರ ಇದು ಹೆರಿಗಿ ಅಲ್ರಿ."

"ಹೆರಿಗಿ ಅಲ್ಲಂತ ನನಗೂ ಕಾಣಾಕತ್ತೈತಿ. ಕೊಡ್ರಿ."

ಕಾಗದ ಕೊಟ್ಟರು. ಅಷ್ಟರಲ್ಲಿ ಸತ್ತವನ ಕಡೆಯ ಹಿರಿಯರೆಲ್ಲ ಬೇವಿನ ಮರದ ಕೆಳಗೆ ಕೂಡಿ ಏನೋ ಗುಸುಗುಸು ನಡೆಸಿದರು. ಕಡೆಗೆ ಸತ್ತವನ ಕಾಕಾ ಮುಂದೆ ಬಂದು, ರುಮಾಲು ಸರಿಮಾಡಿಕೊಂಡು, ನೆಲ ನೋಡುತ್ತ ಮಾತು ತೆಗೆದರು.

"ಬಾಯಾರ, ನೀವು ಕೊಯ್ಯಾಕ ನಮ್ಮದೇನೂ ತಕರಾರಿಲ್ರಿ. ಖರೆ, ಧೋತ್ರಾ ಉಟ್ಟಲ್ಲೇ ಕೊಯ್ಯಾಕ ಬರ್ತೈತೇನ್ರಿ?"

"ಬರೂದಿಲ್ರಿ. ಯಾಕ?"

"ಅವ ಭಾಳ ಸಂಕೋಚದ ಮನಶ್ಯಾರಿ. ಹೆಣ್ಣಮಕ್ಕಳ ಮುಂದ ಅಂಗಿ ಸೈತ ಕಳದಾವಲ್ಲ."

ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಗಂಡು ಡಾಕ್ಟರು ಹೆಣ್ಣು ಹೆಣ ಕೊಯ್ಯುವಾಗ ಯಾರಿಗೂ ಬಾರದ ಸಂಕೋಚ ಈಗ ಎಲ್ಲಿಂದ ಬಂತು ಎಂದು ಕೇಳಿದೆ. ಅದನ್ನು ಹಿರಿಯರು ವಿಚಾರ ಮಾಡಿರಲಿಲ್ಲ. ಒಂದು ದಿನ ತಡೆದರೆ ದೊಡ್ಡ ಡಾಕ್ಟರು ಬರುತ್ತಾರಲ್ಲ ಎಂದು ಯಾರೋ ಸೂಚಿಸಿದರು. ಹೆಣ ತಡೆಯುವುದಿಲ್ಲ, ನಾನೂ ತಡೆಯುವುದಿಲ್ಲ ಎಂದೆ. ಅಲ್ಲದೆ ಅನುಮಾನದ ಮೇಲೆ ಅವನ ಹೊಲದ ಆಳನ್ನು ಬೆಳಗಿನಿಂದ ಠಾಣೆಯಲ್ಲಿ ಕುಳ್ಳಿರಿಸಿದ್ದರು. ಸತ್ತವನ ಸಂಕೋಚಕ್ಕೆ ಬದುಕಿದ್ದವನು ಇನ್ನೊಂದು ದಿನ ಅಲ್ಲಿ ಕೂಡಬೇಕೇ?

ಕೊನೆಗೆ ಕಾಕಾ ಒಂದು ದಾರಿ ಹುಡುಕಿದರು. ಒಳಗೆ ಬಂದು ಹೆಣದ ಕಿವಿಯ ಹತ್ತಿರ ಬಾಗಿ ಹೇಳಿದರು.

"ತಮ್ಮಾ, ಬಾಯಾರು ನಿಮ್ಮವ್ವ ಇದ್ದಂಗ. ಸುಮ್ನ ಮಲಗು. ನಾಚಬ್ಯಾಡ."

ಹೇಳಿ ಹೊರಗೆ ಹೋದರು. ನಾನು ನನ್ನ ಕೆಲಸ ಮಾಡಿದೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಪೂರ್ತಿ ಕಟ್ಟಿಹೋಗಿತ್ತು. ಹೊಲದ ಆಳು ಅವತ್ತೇ ಮನೆಗೆ ಹೋದ. ಹೆಣ ಒಪ್ಪಿಸುವಾಗ ಕಾಕಾನಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ನಿಟ್ಟುಸಿರು ಬಿಟ್ಟರು.

"ಎದಿ ನಿಂತು ಮೊದ್ಲ ಸತ್ತದ್ದು ಚೊಲೋ ಆತು ಬಿಡ್ರಿ. ಇಲ್ಲಂದ್ರ ಇವತ್ತು ನಿಮ್ಮ ಮುಂದ ನಾಚಿ ಸಾಯ್ತಿದ್ದ."

ಶಿಗ್ಗಾಂವಿ: ಪೊಲೀಸರೂ ಅತ್ತರು

ಶಿಗ್ಗಾಂವಿಯಲ್ಲಿ ಹೆದ್ದಾರಿಯ ದಯೆಯಿಂದ ನನಗೆ ಕೆಲಸ ಕಡಿಮೆ ಇರಲಿಲ್ಲ. ತಡಸದಿಂದ ಬಂಕಾಪುರದ ತನಕ ಲಾರಿಗಳು ಯಾರನ್ನೋ ಒಬ್ಬರನ್ನು ನನ್ನ ಕಡೆ ಕಳಿಸುತ್ತಲೇ ಇದ್ದವು. ಅಲ್ಲಿಗೆ ಹೋದ ಹೊಸದರಲ್ಲಿ ಬಂದ ಹೆಣ, ಊರಲ್ಲಿ ಯಾರಿಗೂ ಬೇಡವಾದ ಒಬ್ಬ ಮನುಷ್ಯನದು. ಕಂಡವರ ಜೊತೆ ಜಗಳ, ಕುಡಿತ, ಮನೆಗೆ ಹೋದರೆ ಹೆಂಡತಿಗೆ ಹೊಡೆತ. ಅವನ ಹೆಂಡತಿ ದವಾಖಾನೆಯ ಕಟ್ಟೆಯ ಮೇಲೆ ಒಣಗಿದ ಕಣ್ಣಿನಲ್ಲಿ ಸುಮ್ಮನೆ ಕುಳಿತಿದ್ದಳು. ಅವನು ತಾನಾಗಿ ಲಾರಿಗೆ ಸಿಕ್ಕನೋ, ಯಾರಾದರೂ ನೂಕಿದರೋ ಎಂಬುದು ಠಾಣೆಯ ಫೌಜದಾರರ ಅನುಮಾನ. ಆಗದವರು ಅಷ್ಟು ಜನ ಇದ್ದರು.

ಹೆಣದ ಕೋಣೆಯ ಕೀಲಿ ಕೇಳಿದರೆ ದವಾಖಾನೆಯ ಶಿಪಾಯಿ ತಲೆ ಕೆರೆದುಕೊಂಡ.

"ಬಯಲಾಗ, ಗಿಡದ ನೆರಳಿಗೆ ಮಾಡಿಬಿಡ್ರಲ್ಲ ಬಾಯಾರ. ಗಾಳಿ ಚೊಲೋ ಬರ್ತೈತಿ."

"ನನಗ ಗಾಳಿ ಬ್ಯಾಡ. ಕೋಣಿ ಬೇಕು. ತಗಿ."

ತೆಗೆದ. ಒಳಗೆ ನೆಲದಿಂದ ಜಂತಿಯ ತನಕ ಚೀಲಗಳು. ಎಲ್ಲ ಒಣಮೆಣಸಿನಕಾಯಿ! ಪಕ್ಕದ ಓಣಿಯ ವ್ಯಾಪಾರಿಯೊಬ್ಬ ಇವನ ಕೈ ಬೆಚ್ಚಗೆ ಮಾಡಿ ಅದನ್ನು ಉಗ್ರಾಣ ಮಾಡಿಕೊಂಡಿದ್ದ.

"ಹೆಣದ ಕೋಣ್ಯಾಗ ಮೆಣಸಿನಕಾಯಿ ಇಡ್ತಾರೇನೋ?"

"ಕಳ್ಳರು ಕಾಲಿಡದ ಜಾಗಾ ಊರಾಗ ಇದೊಂದ ಐತ್ರಿ ಬಾಯಾರ."

ಈ ಮಾತಿಗೆ ಫೌಜದಾರರು ಪೊಲೀಸರಾಗಿ ನಾಚಬೇಕಿತ್ತು. ಅವರಿಗೆ ಅದಕ್ಕೆ ವೇಳೆ ಸಿಗಲಿಲ್ಲ. ನಾನು ಎಲ್ಲ ಚೀಲ ಹೊರಗೆ ಹಾಕಿಸಲು ಹೇಳಿದೆ. ಪೇದೆಗಳು ಒಂದೊಂದು ಚೀಲ ಎಳೆದಾಗಲೂ ಕೆಂಪು ಧೂಳು ಎದ್ದಿತು. ಮೊದಲು ಪೇದೆಗಳು ಸೀನಿದರು, ಆಮೇಲೆ ಶಿಪಾಯಿ, ಆಮೇಲೆ ಫೌಜದಾರರು. ಕಿಟಕಿ ಎಷ್ಟು ತೆರೆದಿಟ್ಟರೂ ಘಾಟು ಹೋಗಲಿಲ್ಲ. ನಾಳೆ ಮಾಡೋಣ ಎಂದರು. ಬಿಸಿಲಿರುವಾಗಲೇ ಆಗಬೇಕು, ಇವತ್ತೇ ಆಗಬೇಕು ಎಂದು ನಾನು ಒಳಗೆ ನಡೆದೆ. ಅವರಿಗೂ ಗತಿಯಿರಲಿಲ್ಲ, ಹಿಂದೆ ಬಂದರು. ಇಡೀ ಪರೀಕ್ಷೆ ನಾನು ಅಳುತ್ತಲೇ ಮಾಡಿದೆ. ಮಗ್ಗುಲಲ್ಲಿ ನಿಂತ ಫೌಜದಾರರು ಟೋಪಿ ತೆಗೆದು ಬಿಕ್ಕುತ್ತಿದ್ದರು. ಹೊಟ್ಟೆಯ ತುಂಬ ಸಾರಾಯಿ, ಗಾಯಗಳೆಲ್ಲ ಲಾರಿಯವು. ಯಾರೂ ನೂಕಿದ ಗುರುತಿರಲಿಲ್ಲ.

ಹೊರಗೆ ಬಂದಾಗ ನಮ್ಮೆಲ್ಲರ ಕಣ್ಣೂ ಕೆಂಡ, ಗಲ್ಲದ ಮೇಲೆ ನೀರು. ಕಟ್ಟೆಯ ಮೇಲಿದ್ದ ಹೆಂಡತಿ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದಳು. ಕೋಲು ಹಿಡಿದ ಪೇದೆ ಮುಖ ಒರೆಸಿಕೊಳ್ಳುವುದನ್ನು ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಬಾಯಾರ, ಇಷ್ಟು ವರ್ಷ ಸಂಸಾರ ಮಾಡಿದೆ, ನನಗ ಒಂದ ಹನಿ ಬರವಲ್ದು. ನೀವೆಲ್ಲಾ ಎಲ್ಲಿಂದ ತಂದ್ರಿ?"

ಅದೇ ಊರು: ಉಪ್ಪಿಟ್ಟು

ಇದು ಸಣ್ಣದು, ಆದರೆ ನನ್ನ ಜೀವನ ನಿಂತದ್ದೇ ಇದರ ಮೇಲೆ.

ನನಗೆ ಗಂಡು ಹುಡುಕುವ ಕೆಲಸ ಅವ್ವನದು. ಬಂದವರಿಗೆಲ್ಲ "ನಮ್ಮ ಹುಡುಗಿ ಬರೇ ಹೆರಿಗಿ ಮಾಡಸ್ತಾಳ" ಎಂದು ಹೇಳುವುದು ಅವಳ ಕ್ರಮ. ಒಂದು ಭಾನುವಾರ ಧಾರವಾಡ ಕಡೆಯಿಂದ ಗಂಡಿನವರು ನನ್ನ ಕ್ವಾರ್ಟರ್ಸಿಗೆ ಬಂದರು. ಅವ್ವ ಹಿತ್ತಲಲ್ಲಿ ಹೂ ಕೊಯ್ಯುತ್ತಿದ್ದಳು. ಪಡಸಾಲೆಯಲ್ಲಿ ಅವರನ್ನು ಬರಮಾಡಿಕೊಂಡವನು ಮೆಣಸಿನಕಾಯಿ ಚೀಲದ ಅದೇ ಶಿಪಾಯಿ. ಪಾಪ, ಅವನು ಮರ್ಯಾದೆಯಿಂದಲೇ ಮಾತಾಡಿಸಿದ.

"ಬರ್ರಿ, ಕುಂದರ್ರಿ. ಬಾಯಾರು ಹೆಣಾ ಕೊಯ್ಯಾಕ ಹೋಗ್ಯಾರ. ಇನ್ನೇನು ಬಂದ್ರು. ಬಂದು ಕೈ ತೊಳ್ಕೊಂಡು ನಿಮಗ ಉಪ್ಪಿಟ್ಟು ಮಾಡಿಕೊಡ್ತಾರ."

ನಾನು ಬರುವಷ್ಟರಲ್ಲಿ ಹಿರಿಯರೆಲ್ಲ ಬಸ್ಸಿನ ನೆಪ ಹೇಳಿ ಹೊರಟು ಹೋಗಿದ್ದರು. ಅವ್ವ ಹೂವಿನ ಬುಟ್ಟಿ ಹಿಡಿದು ಮೂಲೆಯಲ್ಲಿ ಅಳುತ್ತಿದ್ದಳು. ಒಬ್ಬರು ಮಾತ್ರ ಕುರ್ಚಿಯ ಮೇಲೆ ಕುಳಿತೇ ಇದ್ದರು. ಗಂಡು ಅವರೇ, ಹೈಸ್ಕೂಲಿನ ಮಾಸ್ತರರು.

ನನಗೆ ಸಿಟ್ಟು ಬಂದಿತ್ತು. "ನೀವೂ ಹೋಗೂದಿದ್ರ ಹೋಗ್ರಿ. ಈ ಕೆಲಸಾ ನಾ ಬಿಡೂದಿಲ್ಲ" ಎಂದೆ.

"ಬಿಡ್ರಿ ಅಂತ ಯಾರಂದ್ರು? ನನಗ ಹಸಿವ್ಯಾಗೇತಿ, ಉಪ್ಪಿಟ್ಟು ಮಾಡ್ರಿ. ಒಂದ ಸಂಶಯ ಐತಿ, ಕೇಳಲೇನ್ರಿ?"

"ಕೇಳ್ರಿ."

"ಉಳ್ಳಾಗಡ್ಡಿ ಹೆಚ್ಚೂದು ಬ್ಯಾರೆ ಚೂರಿ ಹೌದಲ್ರಿ?"

ಅವರೇ ಈಗ ನಮ್ಮ ಮನೆಯವರು. ಸಂಶಯ ಇನ್ನೂ ಪೂರ್ತಿ ಹೋದಂತಿಲ್ಲ. ಅವತ್ತಿನಿಂದ ಇವತ್ತಿನವರೆಗೂ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವವರು ಅವರೇ.

ಸವಣೂರು: ತಮ್ಮನ ತಲೆ

ನವಾಬರಿದ್ದ ಊರು. ನವಾಬರು ಹೋದರೂ ಮಾತಿನ ಮರ್ಯಾದೆ ಅಲ್ಲೇ ಉಳಿದಿತ್ತು. ಎಲೆಬಳ್ಳಿ ತೋಟದ ಯಜಮಾನರೊಬ್ಬರು ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲ. ಹಿಂದಿನ ಸಂಜೆ ಪಕ್ಕದ ತೋಟದವನ ಕೈಯಲ್ಲಿ ಚಹಾ ಕುಡಿದಿದ್ದರು. ಆ ಇಬ್ಬರಿಗೂ ನೀರಿನ ಪಾಳಿಯ ಜಗಳವಿತ್ತು. ಅಷ್ಟೇ ಸಾಕಾಯಿತು. ಚಹಾದಲ್ಲಿ ವಿಷ ಎಂದು ಊರು ತೀರ್ಪು ಕೊಟ್ಟಿತು, ಪೊಲೀಸರು ಪಕ್ಕದ ತೋಟದವನನ್ನು ಠಾಣೆಯಲ್ಲಿ ಕುಳ್ಳಿರಿಸಿದರು.

ಹೆಣದ ಜೊತೆ ಸತ್ತವರ ಅಣ್ಣ ಬಂದರು. ಬಿಳಿ ಗಡ್ಡ, ಇಸ್ತ್ರಿಯ ಅಂಗಿ, ಕೈಯಲ್ಲಿ ಬೆತ್ತ. ಹಿಂದೆಯೇ ಆಳುಗಳು ಗಾದಿ, ದಿಂಬು ಹೊತ್ತು ತಂದರು. ತಮ್ಮನನ್ನು ಬರೀ ಕಲ್ಲಿನ ಮೇಲೆ ಮಲಗಿಸಲು ಅವರ ಮನಸ್ಸು ಒಪ್ಪಲಿಲ್ಲ. ಗಾದಿ ಬೇಡವೆಂದು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ದಿಂಬಿಗೆ ಕಡೆಗೂ ನಾನೇ ಸೋತೆ. ಮಧ್ಯಾಹ್ನದ ನಮಾಜಿಗೆ ಮುಂಚೆ ಮಣ್ಣು ಮಾಡಬೇಕು ಎಂದು ಕೇಳಿಕೊಂಡರು. ಅಷ್ಟರೊಳಗೆ ಒಪ್ಪಿಸುತ್ತೇನೆ, ಆದರೆ ಏನನ್ನೂ ಬಿಡದೆ ನೋಡುತ್ತೇನೆ ಎಂದು ಮಾತು ಕೊಟ್ಟೆ.

ಅವರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತರು. ಹೊಟ್ಟೆ ನೋಡಿ ಮುಗಿಸಿದ್ದು ತಿಳಿದ ಕೂಡಲೇ ಒಳಗೆ ದನಿ ಬಂತು.

"ಡಾಕ್ಟರಬಾಯಿ, ಭಾಳ ಮೆಹರ್ಬಾನಿ ಆತು. ಇಷ್ಟ ಸಾಕ್ರಿ. ನಿಮಗ ಸುಮ್ನ ತಕಲೀಫು."

"ತಕಲೀಫೇನಿಲ್ರಿ. ಎದಿ ನೋಡಬೇಕು."

ಎದೆಯೂ ಆಯಿತು. ಮತ್ತೆ ದನಿ.

"ಪಾನ್ ತರಸ್ಲೇನ್ರಿ? ನಮ್ಮ ತೋಟದ್ದ ಎಲಿ. ದಣಿದೀರಿ, ಇನ್ನ ಸಾಕು."

"ಇನ್ನೂ ತಲಿ ಐತ್ರಿ."

ಈ ಸಲ ಅವರು ಎದ್ದೇ ನಿಂತರು. "ತಲಿ ಬಿಟ್ಟಬಿಡ್ರಿ. ನಮ್ಮ ತಮ್ಮನ ತಲ್ಯಾಗ ಏನೂ ಇಲ್ಲಂತ ಇಡೀ ಸವಣೂರಿಗೆ ಗೊತ್ತೈತಿ. ನಮ್ಮ ಅಬ್ಬಾ ದಿನಾ ಹೇಳ್ತಾರ."

ಹೊಟ್ಟೆ ಎದೆಗಳಲ್ಲಿ ನನಗೆ ಏನೂ ಸಿಕ್ಕಿರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಪಕ್ಕದ ತೋಟದವನ ಗತಿ ಮುಗಿಯುತ್ತಿತ್ತು. ನಾನು ತಲೆ ತೆರೆದೆ. ಬುರುಡೆಯ ಒಂದು ಮಗ್ಗುಲು ಸೀಳು ಬಿಟ್ಟು, ಒಳಗೆ ರಕ್ತ ಗಡ್ಡೆಗಟ್ಟಿ ಮಿದುಳನ್ನು ಒತ್ತಿತ್ತು. ಹೊರಗೆ ಬಂದು, ನಿನ್ನೆ ಇವರು ಎಲ್ಲಾದರೂ ಬಿದ್ದರೇ ಎಂದು ಕೇಳಿದೆ. ಗಾದಿ ಹೊತ್ತು ತಂದ ಆಳುಗಳು ಒಟ್ಟಿಗೇ ಬಾಯಿ ಬಿಟ್ಟರು.

"ಎಲಿ ಕೊಯ್ಯೂ ಏಣಿ ಜಾರಿ ಬಿದ್ರಲ್ರಿ! ಏನಾಗಿಲ್ಲ ಅಂತ ಎದ್ದು ಚಹಾ ಕುಡದು ಮನಿಗೆ ನಡಕೊಂಡ ಹೋದ್ರು."

ತಲೆಯೊಳಗಿನ ಈ ರಕ್ತಸ್ರಾವದ ಗುಣವೇ ಅದು. ಬಿದ್ದವನು ಎದ್ದು ಓಡಾಡುತ್ತಾನೆ, ಮಾತಾಡುತ್ತಾನೆ, ಮಲಗಿದ ಮೇಲೆ ಏಳುವುದಿಲ್ಲ. ಚಹಾದ್ದೇನೂ ತಪ್ಪಿರಲಿಲ್ಲ. ಪಕ್ಕದ ತೋಟದವನನ್ನು ಠಾಣೆಯಿಂದ ಬಿಟ್ಟರು. ಅವನು ನೇರ ಇಲ್ಲಿಗೇ ಬಂದ. ಅಣ್ಣ ಅವನನ್ನು ಅಪ್ಪಿಕೊಂಡು ನಿಂತರು, ಇಬ್ಬರೂ ಅತ್ತರು. ನಮಾಜಿಗೆ ಇನ್ನೂ ಹೊತ್ತಿತ್ತು.

ಹೊರಡುವ ಮುಂಚೆ ಅಣ್ಣ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದರು.

"ಡಾಕ್ಟರಬಾಯಿ, ಖರೇನ ಹೇಳ್ರಿ. ಅವನ ತಲ್ಯಾಗ ಮಿದುಳಿತ್ತು?"

"ಇತ್ರಿ. ತೂಕಾನೂ ಮಾಡೇನಿ" ಎಂದು ಬರೆದದ್ದನ್ನು ಬೆರಳಿಟ್ಟು ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. "ಅಬ್ಬಾಗ ಹೇಳ್ತೇನಿ" ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಹಂಗ ಸುಮ್ನ ಕೇಳ್ತೇನಿ, ತಪ್ಪು ತಿಳೀಬ್ಯಾಡ್ರಿ. ದೊಡ್ಡ ಮಗಂದು ಇದಕ್ಕಿಂತ ಜಾಸ್ತಿ ಇರ್ತೈತಿ ಹೌದಲ್ರಿ?"

ಹಿರೇಕೆರೂರು: ಕುಳಿತು ಬಂದ ಅಜ್ಜಿ

ಹಿರೇಕೆರೂರಿಗೆ ವರ್ಗವಾಗಿ ಹೋಗುವಷ್ಟರಲ್ಲಿ ನನ್ನ ಹೆಸರು ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಹೆಣ ಕೊಯ್ಯುವ ಬಾಯಾರು ಬಂದರಂತೆ ಎಂದು ಜನ ಮೊದಮೊದಲು ದೂರದಿಂದ ನೋಡಿ ಹೋದರು. ಒಂದು ಸಂತೆಯ ದಿನ ಹತ್ತಿರದ ಹಳ್ಳಿಯ ಅಜ್ಜಿಯೊಬ್ಬಳು ರೋಗಿಗಳ ಸಾಲಿನಲ್ಲಿ ಕುಳಿತು, ಸರದಿ ಬಂದಾಗ ಒಳಗೆ ಬಂದಳು. ಸಣ್ಣ ಜೀವ, ಹಣೆ ತುಂಬ ವಿಭೂತಿ.

"ಏನಾಗೈತಜ್ಜಿ?"

"ಇನ್ನೂ ಏನೂ ಆಗಿಲ್ಲವ್ವ. ಆಗೂದೈತಿ."

"ಏನಾಗೂದೈತಿ?"

"ಸಾಯೂದೈತಿ. ನಾ ಸತ್ತ ಮ್ಯಾಲ ನೀನ ಕೊಯ್ಯಬೇಕು. ಬಾಗಲದಾಗ ನಿಂತು ಬರಿಯೋರು ಬ್ಯಾಡ. ಅದನ್ನ ಹೇಳಿ ಹೋಗಾಕ ಬಂದೇನಿ."

ನನ್ನ ನೌಕರಿಯಲ್ಲಿ ಯಾರೂ ಇಂಥ ಮಾತು ಕೇಳಿರಲಿಲ್ಲ. ಕಾರಣ ಕೇಳಿದೆ. ಅಜ್ಜಿ ಕುರ್ಚಿ ಹತ್ತಿರ ಎಳೆದುಕೊಂಡಳು.

"ನನ್ನ ಸಣ್ಣ ಮಗ ಹೋಗಿ ಭಾಳ ದಿನಾ ಆತು. ಅವನ ಹೇಣ್ತಿನ ನನಗ ಅನ್ನಾ ಹಾಕ್ತಾಳ, ಎಣ್ಣಿ ಹಚ್ಚಿ ಎರೀತಾಳ. ದೊಡ್ಡ ಮಗಗ ಆಕಿ ಮನ್ಯಾಗಿರೂದು ಬ್ಯಾಡಾಗೇತಿ. ನಾ ಕಣ್ಣು ಮುಚ್ಚಿದ ದಿನಾನ ಆಕಿ ವಿಷಾ ಹಾಕಿದ್ಲು ಅಂತಾನ. ತೌರಿಲ್ಲದ ಹುಡುಗಿ, ಎಲ್ಲಿಗೆ ಹೋದಾಳು? ನೀ ನೋಡಿ, ಇಲ್ಲ ಅಂತ ಹೇಳಿಬಿಟ್ರ ಮುಗೀತು."

"ಕೇಳಿದೋರನ್ನೆಲ್ಲಾ ಕೊಯ್ಯಾಕ ಬರೂದಿಲ್ಲಜ್ಜಿ. ಮೊದ್ಲ ಪೊಲೀಸರಿಗೆ ಅನುಮಾನ ಬರಬೇಕು."

"ಅನುಮಾನದ ಚಿಂತಿ ನೀ ಮಾಡಬ್ಯಾಡ. ಅದನ್ನ ನನ್ನ ಮಗ ತರ್ತಾನ."

ಪರೀಕ್ಷೆ ಮಾಡಿದೆ. ಹೃದಯ ದೊಡ್ಡದಾಗಿತ್ತು, ಕಾಲು ಬಾತಿದ್ದವು. ಗುಳಿಗೆ ಕೊಟ್ಟೆ. ಅಲ್ಲಿಂದ ಆಗಾಗ ಸಂತೆಗೆ ಬಂದಾಗ ನನ್ನಲ್ಲಿಗೂ ಬರುತ್ತಿದ್ದಳು, ಹೋಗುವಾಗ ಒಂದೇ ಮಾತು, "ಮರೀಬ್ಯಾಡ." ಮರೆಯುವುದಿಲ್ಲ ಎಂದು ನಾನೂ ಮಾತು ಕೊಟ್ಟೆ. ಒಮ್ಮೆ ನಾನು, ನಾನಿರುವ ತನಕ ನಿನಗೇನೂ ಆಗುವುದಿಲ್ಲ ಬಿಡಜ್ಜಿ ಎಂದೆ. ಅವಳಿಗೆ ಗಾಬರಿಯಾಯಿತು.

"ನಿನಗ ವರ್ಗಾ ಆಗೂದಿದ್ರ ಮೊದ್ಲ ಹೇಳವ್ವ. ಅದರ ಮುಂಚೆ ಸಾಯ್ತೇನಿ."

ವರ್ಗವಾಗುವ ಮುಂಚೆಯೇ ಅಜ್ಜಿ ಹೋದಳು. ಒಂದು ಮುಂಜಾನೆ ದವಾಖಾನೆ ತುಂಬಿ ರೋಗಿಗಳು. ಹೊರಗೆ ತಾಳ, ಭಜನೆ, ಒಂದು ಟ್ರ್ಯಾಕ್ಟರ್ ಬಂದು ನಿಂತ ಸದ್ದು. ಅಜ್ಜಿಯ ಮನೆತನದಲ್ಲಿ ಸತ್ತವರನ್ನು ಕುಳ್ಳಿರಿಸಿ ಹೂಳುವ ಪದ್ಧತಿ. ಅಜ್ಜಿ ಹಿಂದಿನ ಸಂಜೆ ಸತ್ತ ಕೂಡಲೇ ಇಳಕಲ್ಲ ಸೀರೆ ಉಡಿಸಿ, ಹೂಮಾಲೆ ಹಾಕಿ, ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು. ಹೂಳುವ ಕುಣಿಯೂ ತಯಾರಾಗಿತ್ತು. ಅಷ್ಟರಲ್ಲಿ ದೊಡ್ಡ ಮಗ ಠಾಣೆಗೆ ಹೋಗಿ ನಾದಿನಿ, ಅಂದರೆ ತಮ್ಮನ ಹೆಂಡತಿ, ವಿಷ ಹಾಕಿದಳು ಎಂದು ಬರೆಸಿ ಬಂದ. ಅಜ್ಜಿ ಹೇಳಿದ ಹಾಗೆ ಅನುಮಾನವನ್ನು ಅವನೇ ತಂದ. ಸತ್ತ ಕೆಲವು ತಾಸಿಗೆ ಮೈ ಬಿಗಿಯುತ್ತದೆ, ಹೇಗಿದ್ದರೆ ಹಾಗೆಯೇ ನಿಲ್ಲುತ್ತದೆ. ಹೀಗಾಗಿ ಅಜ್ಜಿ ಚಕ್ಕಳಮಕ್ಕಳ ಹಾಕಿ, ನೆಟ್ಟಗೆ ಕುಳಿತುಕೊಂಡೇ ಬಂದಳು. ಇಳಿಸಿದವರಿಗೆ ಎಲ್ಲಿ ಇಡಬೇಕು ಎಂದು ತಿಳಿಯಲಿಲ್ಲ. ಸಾಲಿನ ಮುಂದಿದ್ದ ಬೆಂಚಿನ ಮೇಲೆ ಕುಳ್ಳಿರಿಸಿದರು.

ಹಿಂದೆ ಕುಳಿತಿದ್ದ ಕೆಮ್ಮಿನ ಮುದುಕರೊಬ್ಬರು ಸಿಡಿದರು.

"ಏ ಬೇ, ನಾವೇನು ಹುಚ್ಚರೇನು? ಹೊತ್ತು ಹುಟ್ಟೂದರಾಗ ಬಂದು ಕುಂತೇವಿ. ಹಿಂದ ನಡಿ."

ಅಜ್ಜಿ ಉತ್ತರ ಕೊಡಲಿಲ್ಲ.

"ಸೊಕ್ಕು ನೋಡ್ರಿ ಈಕಿದು! ಹೊಳ್ಳಿ ಸೈತ ನೋಡವಲ್ಲಳು."

ಹವಾಲ್ದಾರರು ಮುದುಕರ ಕಿವಿಯಲ್ಲಿ, "ಅಜ್ಜಾ, ಆಕಿ ಸತ್ತಾಳೋ" ಎಂದರು. ಮುದುಕರು ತಮ್ಮ ಬೆಂಚಿನ ತುದಿಗೆ ಸರಿದುಬಿಟ್ಟರು.

"ಹಂಗಂತ ಮೊದ್ಲ ಹೇಳಬೇಕಿಲ್ಲೋ? ಆಕಿನ ಮುಂದ ಹೋಗಲಿ. ನನಗೇನು ಅವಸರಿಲ್ಲ."

ಅಜ್ಜಿಯನ್ನು ಒಳಗೆ ಒಯ್ದೆವು. ಮೇಜು ಮಲಗುವವರದು, ಅಜ್ಜಿ ಮಲಗಲು ಒಲ್ಲೆ ಎನ್ನುತ್ತಿದ್ದಳು. ಅವಳ ಮೊಣಕಾಲು, ಸೊಂಟದ ಬಿಗಿತವನ್ನು ನಾನೇ ಮೆಲ್ಲಗೆ ಸಡಿಲಿಸಿ ಮಲಗಿಸಿದೆ. ಆಗ ನನಗೆ ಅಳು ಬಂತು. ಈ ಸಲ ಕೋಣೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಜೊತೆಗಿದ್ದ ದವಾಖಾನೆಯ ಇನ್ನೊಬ್ಬ ಡಾಕ್ಟರು, ವಯಸ್ಸಾದವಳು, ಮೇಲೆ ಮೇಲೆ ನೋಡಿ ಬರೆದುಬಿಡಿ ಎಂದರು. ಕಣ್ಣೊರೆಸಿಕೊಂಡು ಚೂರಿ ಹಿಡಿದೆ. ಅಜ್ಜಿಗೆ ಮಾತು ಕೊಟ್ಟಿದ್ದೆ. ತಲೆ, ಎದೆ, ಹೊಟ್ಟೆ ಒಂದೂ ಬಿಡಲಿಲ್ಲ. ಹೊಟ್ಟೆಯಲ್ಲಿ ಹಾಲು ಅನ್ನ. ಒಳಪದರ ಸುಟ್ಟ ಗುರುತಿಲ್ಲ, ವಿಷದ ವಾಸನೆಯಿಲ್ಲ. ಹೃದಯ ಮಾತ್ರ ಊದಿ, ನಾಳದಲ್ಲಿ ಹೊಸದಾಗಿ ರಕ್ತ ಹೆಪ್ಪುಗಟ್ಟಿತ್ತು. ನಿಯಮದ ಪ್ರಕಾರ ಹೊಟ್ಟೆ, ಯಕೃತ್ತಿನ ತುಂಡುಗಳನ್ನು ಉಪ್ಪುನೀರಿನ ಬಾಟಲಿಗೆ ಹಾಕಿ ಬೆಂಗಳೂರಿನ ಪರೀಕ್ಷೆಗೆ ಮುದ್ರೆ ಒತ್ತಿದೆ. ಆಮೇಲೆ ಹೊಲಿದು, ತೊಳೆದು, ಸೀರೆ ಉಡಿಸಿ, ವಿಭೂತಿಯನ್ನು ನಾನೇ ಹಚ್ಚಿದೆ.

ಹೊರಗೆ ಬಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ. "ಹೃದಯ ನಿಂತು ಸತ್ತಾಳ. ವಿಷದ ಗುರುತು ಒಂದೂ ಇಲ್ಲ."

ಗೋಡೆಯ ಮಗ್ಗುಲಿಗೆ ಸೆರಗು ಮುಚ್ಚಿ ಕುಳಿತಿದ್ದ ಸೊಸೆ ತಲೆ ಎತ್ತಿದಳು. ಆದರೆ ಮಗ ಬಗ್ಗಲಿಲ್ಲ.

"ಬೆಂಗಳೂರಿಂದ ಉತ್ತರ ಬರಲಿರಿ. ಅಲ್ಲೀತನಕ ಈಕಿ ನನ್ನ ಹೊಸ್ತಿಲಾ ತುಳಿಯೂ ಹಂಗಿಲ್ಲ."

ಆ ಉತ್ತರ ಬರಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಈ ಹೆಣ್ಣುಮಗಳು ಬೀದಿಪಾಲು. ನನಗೆ ಮೈಯೆಲ್ಲ ಉರಿಯಿತು. ಅವನ ಎದುರಿಗೇ ಹೋಗಿ ನಿಂತೆ.

"ನೋಡಪಾ, ನಿಮ್ಮವ್ವ ಸಂತಿಗೊಮ್ಮೆ ನನ್ನ ಮುಂದ ಬಂದು ಕುಂತು ಮಾತಾಡಿ ಹೋಗ್ತಿದ್ಲು. ಇವತ್ತು ಆಕಿನ್ನ ಒಳಗೂ ನೋಡೇನಿ, ಹೊರಗೂ ನೋಡೇನಿ. ಇನ್ನ ನನಗ ಗೊತ್ತಿಲ್ಲದ್ದು ಏನೂ ಉಳಿದಿಲ್ಲ."

ನಾನು ಹೇಳಿದ್ದು ಅಜ್ಜಿಯ ಹೃದಯದ ಬಗ್ಗೆ. ಆದರೆ ಮಗನ ಮುಖ ಬಿಳಿಚಿತು. ಹೆಗಲ ಮೇಲಿನ ವಸ್ತ್ರದಿಂದ ಬೆವರು ಒರೆಸಿಕೊಂಡ. ನನ್ನನ್ನು ಮಗ್ಗುಲಿಗೆ ಕರೆದು ಸಣ್ಣ ದನಿಯಲ್ಲೇ ಕೇಳಿದ. ಅವನ ದುರ್ದೈವಕ್ಕೆ ಭಜನೆಯವರು ಅದೇ ಹೊತ್ತಿಗೆ ತಾಳ ನಿಲ್ಲಿಸಿದರು.

"ಹಂಗಾರ... ಗುಂಡಿನ ಸರಾ ನಾ ತಗೊಂಡದ್ದೂ ಹೇಳ್ಯಾಳೇನ್ರಿ?"

ಇಡೀ ಅಂಗಳ ಕೇಳಿಸಿಕೊಂಡಿತು. ಹಳ್ಳಿಯ ಹಿರಿಯರು ಒಟ್ಟಿಗೇ ಎದ್ದು ನಿಂತರು. "ಯಾವ ಸರಾನೋ?" ಎಂದರು. ಅಜ್ಜಿ ಆ ಬಂಗಾರದ ಸರವನ್ನು ಸಣ್ಣ ಸೊಸೆಗೆಂದು ತೆಗೆದಿಟ್ಟಿದ್ದಳಂತೆ. ಇವನು ಮೊದಲೇ ಕದ್ದಿದ್ದ, ಅವಳು ಕೇಳುವ ಮುಂಚೆ ಅವಳನ್ನೇ ಹೊರಹಾಕುವ ಹಂಚಿಕೆ. ಹಿರಿಯರು ಅವನನ್ನು ಅಲ್ಲೇ ಹಿಡಿದು ನಿಲ್ಲಿಸಿದರು. ದೂರು ತಪ್ಪು ಎಂದು ಹವಾಲ್ದಾರರ ಮುಂದೆ ಅವನ ಬಾಯಿಂದಲೇ ಹೇಳಿಸಿದರು. ಸರ ಸೊಸೆಗೆ, ಮನೆಯಲ್ಲಿ ಅವಳ ಕೋಣೆ ಅವಳಿಗೆ ಎಂದು ಹೆಣದ ಸಾಕ್ಷಿಯಾಗಿ ಮಾತಾಯಿತು. ಮುಂದೆ ಬೆಂಗಳೂರಿನಿಂದ ಬಂದ ಉತ್ತರದಲ್ಲೂ ವಿಷವಿರಲಿಲ್ಲ. ಅದನ್ನು ಕೇಳುವವರೇ ಆಗ ಇರಲಿಲ್ಲ.

ಅಜ್ಜಿಯನ್ನು ಮತ್ತೆ ಟ್ರ್ಯಾಕ್ಟರಿನಲ್ಲಿ ಕುಳ್ಳಿರಿಸಿದರು. ಸೊಸೆ ಪಕ್ಕದಲ್ಲಿ ಹಿಡಿದುಕೊಂಡು ಕುಳಿತಳು. ಕೆಮ್ಮಿನ ಮುದುಕರೂ ಎದ್ದು ಕೈ ಮುಗಿದರು.

ಮುಂದಿನ ಸಂತೆಯ ದಿನ ದವಾಖಾನೆಗೆ ಹೋದರೆ ಆ ಹಳ್ಳಿಯ ಮುದುಕಿಯರೆಲ್ಲ ಗೋಡೆಯ ಉದ್ದಕ್ಕೂ ಸಾಲು ಹಿಡಿದು ಕುಳಿತಿದ್ದಾರೆ. ಊರಲ್ಲಿ ಏನೋ ಬೇನೆ ಬಂದಿದೆ ಎಂದು ಅವಸರದಿಂದ ಹತ್ತಿರ ಹೋದೆ.

"ಏನಾಗೈತಿ ಬೇ ನಿಮಗೆಲ್ಲಾ?"

ಮುಂದಿದ್ದವಳು ಸೆರಗು ಸರಿಮಾಡಿಕೊಂಡು ಎದ್ದಳು.

"ಏನೂ ಆಗಿಲ್ಲವ್ವ. ಆಗೂದೈತಿ. ಹೆಸರು ಬರಸಾಕ ಬಂದೇವಿ."